ಒಂದೇ ಪಟ್ಟಿಯಲ್ಲಿ ಕಾದಂಬರಿ, ನಾಟಕ, ವಿಚಾರ: ಕನ್ನಡ ಪ್ರಕಾಶಕರ ವೈವಿಧ್ಯ ಎಲ್ಲಿಂದ ಬಂತು?

ಕನ್ನಡ ಪುಸ್ತಕಗಳ ಕೊನೆಯ ಒಂದೆರಡು ಪುಟಗಳಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿ ಹಾಕುವುದು ಹಳೆಯ ವಾಡಿಕೆ. ಸಾಮಾಜಿಕ ಕಾದಂಬರಿ, ಐತಿಹಾಸಿಕ ಕಾದಂಬರಿ, ನಾಟಕ, ಕಥಾಸಂಕಲನ, ಜೀವನಚರಿತ್ರೆ, ವಿಮರ್ಶೆ, ಆರೋಗ್ಯ, ಅಡುಗೆ, ಮಕ್ಕಳ ಪುಸ್ತಕ ಎಲ್ಲವೂ ಅಲ್ಲಿ ಒಂದರ ಕೆಳಗೊಂದು ನಿಂತಿರುತ್ತವೆ. ದೊಡ್ಡ ಮಾರುಕಟ್ಟೆಯಿರುವ ಭಾಷೆಗಳಲ್ಲಿ ನಾಟಕಕ್ಕೇ ಒಂದು ಸಂಸ್ಥೆ, ವಿಜ್ಞಾನಕ್ಕೇ ಒಂದು ಸಂಸ್ಥೆ ಬದುಕಬಲ್ಲವು. ಕನ್ನಡದಲ್ಲಿ ಅಂಥವು ಬೆರಳೆಣಿಕೆಯಷ್ಟು. ನಮ್ಮಲ್ಲಿ ಪ್ರಕಾಶಕ ಎಂದರೆ ಎಲ್ಲ ಬಗೆಯನ್ನೂ ತರುವವನು ಎಂದೇ ರೂಢಿಯಾಗಿದೆ.

ಇದನ್ನು ಸಾಹಿತ್ಯದ ಸಮೃದ್ಧಿ ಎನ್ನುವವರಿದ್ದಾರೆ, ಸಣ್ಣ ಮಾರುಕಟ್ಟೆಯ ಅನಿವಾರ್ಯ ಎನ್ನುವವರೂ ಇದ್ದಾರೆ. ಪ್ರಕಾಶಕನಿಗೆ ತನ್ನದೇ ಅಭಿರುಚಿ ಇಲ್ಲದಿರುವುದರ ಗುರುತು ಎಂದು ಮೂಗು ಮುರಿಯುವವರೂ ಕಡಿಮೆಯಿಲ್ಲ. ನೂರು ವರ್ಷಗಳ ಪ್ರಕಾಶನವನ್ನು ಒಟ್ಟಾಗಿ ನೋಡಿದರೆ ಈ ವೈವಿಧ್ಯಕ್ಕೆ ಒಂದೇ ಕಾರಣವಿಲ್ಲ ಎಂಬುದು ಕಾಣುತ್ತದೆ. ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಪಟ್ಟಿಗಳ ಹಿಂದೆ ಕನಿಷ್ಠ ಐದು ಬೇರೆ ಬೇರೆ ಲೆಕ್ಕಾಚಾರಗಳಿವೆ. ಅವನ್ನು ಬಿಡಿಸಿ ನೋಡದೆ ಹೊಗಳಿದರೂ ತೆಗಳಿದರೂ ಮಾತು ಗುರಿ ತಪ್ಪುತ್ತದೆ.

ಪೇಟೆ ಬೀದಿಗಳಿಂದ ಆರಂಭ

ಬೆಂಗಳೂರಿನ ಮಟ್ಟಿಗೆ ಈ ಕಥೆ ಹಳೆಯ ಪೇಟೆಯದು. ಕಾಟನ್‌ಪೇಟೆ, ಅಕ್ಕಿಪೇಟೆ, ಬಳೇಪೇಟೆ, ಸುಲ್ತಾನ್‌ಪೇಟೆ, ಚಿಕ್ಕಪೇಟೆ ಒಂದಕ್ಕೊಂದು ಅಂಟಿಕೊಂಡ ಬೀದಿಗಳು. ಸುಲ್ತಾನ್‌ಪೇಟೆಯಲ್ಲಿ ಕಾಗದ ಮತ್ತು ಮದುವೆ ಪತ್ರಿಕೆಯ ಅಂಗಡಿಗಳು, ಸುತ್ತಮುತ್ತ ಅಚ್ಚುಕೂಟ ಮತ್ತು ಬೈಂಡಿಂಗ್ ಕೆಲಸ. ಇತ್ತ ಪಾರ್ಸೆಲ್ ಕಚೇರಿಗಳು, ಅತ್ತ ನಡೆದು ಹೋಗುವಷ್ಟು ದೂರದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣ. ಊದುಬತ್ತಿ, ಬಟ್ಟೆ ಹೊರಟ ದಾರಿಯಲ್ಲೇ ಪುಸ್ತಕದ ಕಟ್ಟೂ ಹೊರಡುತ್ತಿತ್ತು. ಕಾಗದ ಕೊಂಡು, ಅಚ್ಚು ಹಾಕಿಸಿ, ಹೊಲಿಸಿ, ಊರೂರಿಗೆ ಕಳಿಸುವ ನಾಲ್ಕೂ ಕೆಲಸ ಅರ್ಧ ಮೈಲಿಯೊಳಗೆ ಮುಗಿಯುವ ಜಾಗದಲ್ಲಿ ಪುಸ್ತಕ ವ್ಯಾಪಾರ ನೆಲೆಯೂರಿದ್ದು ಸಹಜ.

ಇಲ್ಲಿನ ಮೊದಲ ಪ್ರಕಾಶಕರು ಅಸಲಿಗೆ ಪುಸ್ತಕ ವ್ಯಾಪಾರಿಗಳು. ಚಿಕ್ಕಪೇಟೆಯ ಟಿ.ಎನ್. ಕೃಷ್ಣಯ್ಯಶೆಟ್ಟಿ ಅಂಡ್ ಸನ್ ಅಂಥ ಹಳೆಯ ಹೆಸರು. ಪಂಚಾಂಗ, ವ್ರತಕಥೆ, ಜೈಮಿನಿ ಭಾರತ, ಕಂಪನಿ ನಾಟಕದ ಹಾಡು, ಶಾಲೆಯ ಪಠ್ಯ ಇವೆಲ್ಲ ಪೇಟೆಯ ಪುಸ್ತಕದಂಗಡಿಯ ನಿತ್ಯದ ಸರಕು. ಗಿರಾಕಿ ಕೇಳಿದ್ದು ಅಂಗಡಿಯಲ್ಲಿರಬೇಕು, ಇಲ್ಲದಿದ್ದರೆ ಅಚ್ಚು ಹಾಕಿಸಬೇಕು ಎಂಬುದೇ ಅಲ್ಲಿನ ಸಂಪಾದಕೀಯ ನೀತಿ. ಇದಕ್ಕೂ ಹಿಂದೆ ಮಂಗಳೂರಿನ ಬಾಸೆಲ್ ಮಿಷನ್, ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್‌ಗಳು ಧರ್ಮಗ್ರಂಥದ ಜೊತೆಗೆ ವ್ಯಾಕರಣ, ನಿಘಂಟು, ಹಳಗನ್ನಡ ಕಾವ್ಯಗಳನ್ನೂ ಅಚ್ಚು ಹಾಕಿದ್ದವು. ಆದರೆ ಮಿಷನರಿಗಳು ಓದುಗರನ್ನು ಹುಟ್ಟುಹಾಕಲು ನೋಡಿದರೆ, ಪೇಟೆಯ ವ್ಯಾಪಾರಿ ಇರುವ ಓದುಗರ ಹಿಂದೆ ಹೋದ.

1898ರ ಪ್ಲೇಗಿನ ಆಸುಪಾಸಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು, ಚಾಮರಾಜಪೇಟೆ ಅದಕ್ಕೂ ಕೆಲ ವರ್ಷ ಮೊದಲಿನದು. ಓದು ಬಲ್ಲ ಮೇಷ್ಟ್ರು, ಗುಮಾಸ್ತೆ, ವಕೀಲರ ಕುಟುಂಬಗಳು ಈ ಬಡಾವಣೆಗಳಿಗೆ ಬಂದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಚಾಮರಾಜಪೇಟೆಯಲ್ಲಿ ನೆಲೆಗೊಂಡಿತು, 1916ರಲ್ಲಿ ಬೆಂಗಳೂರು ಪ್ರೆಸ್ ಆರಂಭವಾಯಿತು. ಬರೆಯುವವರು, ಓದುವವರು ಈ ಬಡಾವಣೆಗಳಲ್ಲಿ, ಅಚ್ಚು ಹಾಕಿ ಮಾರುವವರು ಪೇಟೆಯಲ್ಲಿ ಎಂಬ ಹಂಚಿಕೆ ಬಹುಕಾಲ ನಡೆಯಿತು. 1956ರವರೆಗೆ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರಿಂದ ಬೆಂಗಳೂರಿನ ಪುಸ್ತಕ ಧಾರವಾಡ ಮುಟ್ಟುವುದೇ ಕಷ್ಟವಾಗಿತ್ತು. ಪ್ರತಿಯೊಬ್ಬ ಪ್ರಕಾಶಕನ ಕೈಗೆ ಸಿಕ್ಕಿದ್ದು ಮಾರುಕಟ್ಟೆಯ ಒಂದು ತುಂಡು ಮಾತ್ರ.

ಮೊದಲ ವಾದ: ಓಡುವ ಪುಸ್ತಕ ಓಡದ್ದನ್ನು ಸಾಕುತ್ತದೆ

ವೈವಿಧ್ಯಕ್ಕೆ ವ್ಯಾಪಾರಸ್ಥರು ಕೊಡುವ ವಿವರಣೆ ನೇರವಾದದ್ದು. ಲೆಕ್ಕ ಹೀಗಿದೆ: ಡೆಮಿ ಅಷ್ಟಪತ್ರ ಅಳತೆಯಲ್ಲಿ ಒಂದು ಫಾರಂ ಎಂದರೆ 16 ಪುಟ. ಡಬಲ್ ಡೆಮಿ ಕಾಗದದ ಒಂದು ಹಾಳೆಯಲ್ಲಿ ಎರಡು ಫಾರಂ ಹಿಡಿಸುತ್ತದೆ, ಹಾಗಾಗಿ 500 ಹಾಳೆಯ ಒಂದು ರೀಮಿನಲ್ಲಿ ಒಂದು ಫಾರಂನ 1000 ಪ್ರತಿ. 160 ಪುಟದ ಕಾದಂಬರಿಗೆ ಹತ್ತು ರೀಮು. ಕಾಗದಕ್ಕೆ, ಅಚ್ಚಿಗೆ, ಬೈಂಡಿಂಗಿಗೆ ಹಾಕಿದ ದುಡ್ಡು ಪುಸ್ತಕ ಬಿಡುಗಡೆಯ ದಿನವೇ ಖರ್ಚಾಗಿರುತ್ತದೆ. ವಾಪಸು ಬರುವುದು ಮಾತ್ರ ಕಂತುಗಳಲ್ಲಿ, ಅಂಗಡಿಯವರ ಕಮಿಷನ್ ಕಳೆದು, ಕೆಲವೊಮ್ಮೆ ವರ್ಷಗಳ ಮೇಲೆ. ಇಂಥ ಸ್ಥಿತಿಯಲ್ಲಿ ಒಂದೇ ಪ್ರಕಾರವನ್ನು ನಂಬಿ ಕೂರುವುದು ಅಪಾಯ. ಬೇಗ ಖರ್ಚಾಗುವ ಕಾದಂಬರಿಯ ಬೆನ್ನಿಗೆ ನಿಧಾನವಾಗಿ ಹೋಗುವ ವಿಮರ್ಶೆಯನ್ನು ಕಟ್ಟುತ್ತಾರೆ, ಪ್ರತಿ ಜೂನ್‌ನಲ್ಲಿ ಬೇಡಿಕೆ ಬರುವ ಪಠ್ಯದ ಬೆನ್ನಿಗೆ ಕವಿತೆಯನ್ನು.

1950ರಿಂದ 80ರವರೆಗಿನ ಕಾದಂಬರಿ ಯುಗ ಈ ವಾದದ ಗಟ್ಟಿ ಸಾಕ್ಷಿ. ಅನಕೃ, ತರಾಸು, ತ್ರಿವೇಣಿ ಅವರ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಬಡಾವಣೆಗಳಲ್ಲಿ ಹಬ್ಬಿದವು. ಎನ್. ನರಸಿಂಹಯ್ಯನವರೊಬ್ಬರೇ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. 1965ರಲ್ಲಿ ‘ಸುಧಾ’ ಆರಂಭವಾದ ಮೇಲೆ ವಾರಪತ್ರಿಕೆಯ ಧಾರಾವಾಹಿ ಪುಸ್ತಕವಾಗಿ, ಪುಸ್ತಕ ಪಕ್ಕದ ಗಾಂಧಿನಗರದಲ್ಲಿ ಸಿನಿಮಾ ಆಗಿ ಮರುಮುದ್ರಣಕ್ಕೆ ಬರುವುದು ರೂಢಿಯಾಯಿತು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ತೆರೆಗೆ ಬಂದವು. ಹುಬ್ಬಳ್ಳಿಯಲ್ಲಿ ಶುರುವಾಗಿ ಬಳೇಪೇಟೆಯ ಜಂಗಮಮೇಸ್ತ್ರಿ ಗಲ್ಲಿಗೂ ಬಂದ ಸಾಹಿತ್ಯ ಭಂಡಾರ ಎಸ್.ಎಲ್. ಭೈರಪ್ಪನವರ ಕಾದಂಬರಿಗಳನ್ನು ದಶಕಗಳ ಕಾಲ ಪ್ರಕಟಿಸುತ್ತ ಬಂತು. ‘ವಂಶವೃಕ್ಷ’ದಿಂದ ‘ಆವರಣ’ದವರೆಗೆ ಮತ್ತೆ ಮತ್ತೆ ಅಚ್ಚಾಗುವ ಒಬ್ಬ ಲೇಖಕ ಜೊತೆಗಿದ್ದರೆ ಪ್ರಕಾಶಕನಿಗೆ ಉಳಿದ ಪುಸ್ತಕಗಳ ವಿಷಯದಲ್ಲಿ ಧೈರ್ಯ ಬರುತ್ತದೆ.

ಈ ವಾದ ಪಟ್ಟಿ ಏಕೆ ಉದ್ದವಾಗುತ್ತದೆ ಎಂಬುದನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಓಡದ ಪುಸ್ತಕಗಳಲ್ಲಿ ಇದನ್ನೇ ಏಕೆ ಆರಿಸಿದರು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಎರಡನೆಯ ವಾದ: ಪಟ್ಟಿಯ ಹಿಂದೆ ಒಂದು ಕಣ್ಣು

ಆ ಪ್ರಶ್ನೆಗೆ ಉತ್ತರ ಸಿಗುವುದು ಧಾರವಾಡ ಮತ್ತು ಹೆಗ್ಗೋಡಿನಲ್ಲಿ. 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು ಚಂದಾದಾರರ ಬಲದ ಮೇಲೆ ಕಟ್ಟಿದರು. ವರ್ಷಕ್ಕೆ ಇಷ್ಟು ಹಣ ಕಟ್ಟಿದವರಿಗೆ ಇಷ್ಟು ಪುಸ್ತಕ. ಅವುಗಳಲ್ಲಿ ಕಾದಂಬರಿಯೂ ಇರಬಹುದು, ನಾಟಕವೂ ಇರಬಹುದು. ಯಾವುದು ಬರುತ್ತದೆಂದು ನೋಡಿ ಕೊಳ್ಳುವ ಬದಲು ಯಾರು ಕಳಿಸುತ್ತಾರೆಂದು ನಂಬಿ ಕೊಳ್ಳುವ ಓದುಗ ಇಲ್ಲಿ ಹುಟ್ಟಿದ. ಕೀರ್ತಿನಾಥ ಕುರ್ತಕೋಟಿಯವರ ಸಾಹಿತ್ಯ ಸಲಹೆ ಜೊತೆಗೂಡಿದ ಮೇಲೆ ಬಂದ ಪುಸ್ತಕಗಳನ್ನು ನೋಡಿ: ಗಿರೀಶ ಕಾರ್ನಾಡರ ‘ಯಯಾತಿ’ ಮತ್ತು ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಎರಡೂ 1961ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ, ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ. ನಾಟಕ, ಕಾದಂಬರಿ ಎಂಬ ಭೇದವಿದ್ದರೂ ಇವೆಲ್ಲ ಒಂದೇ ಕಾಲದ ಒಂದೇ ಚಡಪಡಿಕೆಯ ಕೃತಿಗಳು. ಬೆಳ್ಳಿಹಬ್ಬದ ನೆನಪಿಗೆ ತಂದ ‘ನಡೆದು ಬಂದ ದಾರಿ’ ಸಂಪುಟಗಳು ಆ ಅಭಿರುಚಿಗೆ ವಿಮರ್ಶೆಯ ಬೆಂಬಲವನ್ನೂ ಒದಗಿಸಿದವು.

ಹೆಗ್ಗೋಡಿನ ಅಕ್ಷರ ಪ್ರಕಾಶನದ ದಾರಿ ಸ್ವಲ್ಪ ಬೇರೆ. ಕೆ.ವಿ. ಸುಬ್ಬಣ್ಣನವರ ಮನಸ್ಸಿನಲ್ಲಿ ನೀನಾಸಮ್ ರಂಗ, ಚಲನಚಿತ್ರ ಸಮಾಜ, ಪುಸ್ತಕ ಇವು ಮೂರು ಬೇರೆ ಕೆಲಸಗಳಾಗಿರಲಿಲ್ಲ. ಹಾಗಾಗಿ ಜಗತ್ತಿನ ನಾಟಕಗಳ ಅನುವಾದ, ವೈದೇಹಿಯವರ ಕಥೆ, ಡಿ.ಆರ್. ನಾಗರಾಜರ ಸಂಪಾದಕತ್ವದ ‘ಅಕ್ಷರ ಚಿಂತನ’ ಮಾಲೆ ಎಲ್ಲವೂ ಒಂದೇ ಕಡೆಯಿಂದ ಬಂದರೂ ಯಾರಿಗೂ ಕಲಸುಮೇಲೋಗರ ಅನ್ನಿಸಲಿಲ್ಲ.

ಈ ವಾದದ ಮಿತಿಯೂ ಸ್ಪಷ್ಟ. ಅಭಿರುಚಿ ವ್ಯಕ್ತಿಯದು, ಸಂಸ್ಥೆಗೆ ಅದನ್ನು ದಾಟಿಸುವುದು ಕಷ್ಟ. ಒಳ್ಳೆಯ ಕಣ್ಣಿಗೆ ಕಾಣದ್ದೂ ಇರುತ್ತದೆ. ನವ್ಯದ ಈ ಅಭಿಜಾತ ಪಟ್ಟಿಗಳಲ್ಲಿ ಜನ ಮುಗಿಬಿದ್ದು ಓದಿದ ಎಷ್ಟೋ ಲೇಖಕಿಯರಿಗೆ ಜಾಗವಿರಲಿಲ್ಲ. ಅವರನ್ನು ಪೋಷಿಸಿದ್ದು ಪೇಟೆಯ ಪ್ರಕಾಶಕರು.

ಮೂರನೆಯ ವಾದ: ಕನ್ನಡದಲ್ಲಿ ಇಲ್ಲದ್ದನ್ನು ತರಬೇಕು

ಮತ್ತೊಂದು ಗುಂಪಿಗೆ ಪಟ್ಟಿ ಎಂದರೆ ಕೊರತೆಯ ಪಟ್ಟಿ. ಕನ್ನಡದಲ್ಲಿ ಏನೇನು ಇಲ್ಲವೋ ಅದನ್ನೆಲ್ಲ ತುಂಬಬೇಕೆಂಬ ಧ್ಯೇಯ. ಚಾಮರಾಜಪೇಟೆಯ ಸುಬೋಧ ರಾಮರಾಯರು ಕಡಿಮೆ ಬೆಲೆಯ ಪುಟ್ಟ ಜೀವನಚರಿತ್ರೆಗಳನ್ನು ಮಾಲೆಯಾಗಿ ತಂದಾಗ ಮಾಡಿದ್ದು ಇದೇ ಕೆಲಸ. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶವನ್ನು ಏಳು ಸಂಪುಟಗಳಲ್ಲಿ ತಂದದ್ದು ಕರ್ನಾಟಕ ಸಹಕಾರಿ ಪ್ರಕಾಶನ ಮಂದಿರ. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನ ಒಂದು ಕಡೆ ಸೋವಿಯತ್ ಪುಸ್ತಕಗಳನ್ನು ಮಾರುತ್ತ, ಇನ್ನೊಂದು ಕಡೆ ಆರೋಗ್ಯ, ವಿಜ್ಞಾನ, ಇತಿಹಾಸದ ಪುಸ್ತಕಗಳನ್ನು ಬೆಳೆಸಿತು. ಅದೇ ನಿರಂಜನರ ಕೈಯಲ್ಲಿ 25 ಸಂಪುಟಗಳ ‘ವಿಶ್ವಕಥಾಕೋಶ’ವೂ ಅಲ್ಲಿಂದಲೇ ಬಂತು.

ಸಿದ್ಧಾಂತದ ಎದುರು ತುದಿಯಲ್ಲಿರುವ ರಾಷ್ಟ್ರೋತ್ಥಾನ ಪರಿಷತ್ತು ಹಿಡಿದ ಜಾಡೂ ಇದೇ. ಎಲ್.ಎಸ್. ಶೇಷಗಿರಿ ರಾಯರು ಸಂಪಾದಿಸಿದ ‘ಭಾರತ-ಭಾರತಿ’ ಮಾಲೆಯ ಕಿರುಹೊತ್ತಗೆಗಳು ಐನೂರು ದಾಟಿ ಶಾಲಾ ಮಕ್ಕಳ ಚೀಲ ಸೇರಿದವು. ಎಡವಾಗಲಿ ಬಲವಾಗಲಿ, ಧ್ಯೇಯದ ಪ್ರಕಾಶಕರಿಗೆ ವೈವಿಧ್ಯ ಬೇಕಾಗುವುದು ಓದುಗನನ್ನು ಬಾಲ್ಯದಿಂದ ಹಿಡಿದು ಎಲ್ಲ ವಯಸ್ಸಿನಲ್ಲೂ ಜೊತೆಗಿಟ್ಟುಕೊಳ್ಳಲು. ಕನ್ನಡದ ಕಥೇತರ ಗದ್ಯದ ದೊಡ್ಡ ಪಾಲು ಬಂದದ್ದು ಈ ದಾರಿಯಿಂದ. ಹೀಗೆ ಬಂದ ಪುಸ್ತಕಗಳಲ್ಲಿ ನಿಲುವು ಮೊದಲು, ಬರವಣಿಗೆ ಆಮೇಲೆ ಎಂಬ ಆಕ್ಷೇಪ ಎರಡೂ ಪಾಳಯದ ಮೇಲಿದೆ.

ನಾಲ್ಕನೆಯ ವಾದ: ಬರೆದವರೇ ಪ್ರಕಾಶಕರು

ಕನ್ನಡದ ವಿಶೇಷವೊಂದಿದೆ: ದೊಡ್ಡ ಲೇಖಕರಲ್ಲಿ ಹಲವರು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದ್ದು ಈ ಪರಂಪರೆಯ ಮೊದಲ ಅಧ್ಯಾಯ. ಗವಿಪುರದ ಮಾಸ್ತಿಯವರಿಗೆ ಜೀವನ ಕಾರ್ಯಾಲಯ, ಪುತ್ತೂರಿನ ಕಾರಂತರಿಗೆ ಹರ್ಷ ಪ್ರಕಟಣಾಲಯ, ಕುವೆಂಪು ಅವರಿಗೆ ಉದಯರವಿ ಪ್ರಕಾಶನ, ತೇಜಸ್ವಿಯವರಿಗೆ ಪುಸ್ತಕ ಪ್ರಕಾಶನ, ಬಸವನಗುಡಿಯಿಂದ ಪತ್ರಿಕೆ ನಡೆಸಿದ ಲಂಕೇಶರಿಗೆ ಪತ್ರಿಕೆ ಪ್ರಕಾಶನ.

ಇಲ್ಲಿ ಪಟ್ಟಿಯ ವೈವಿಧ್ಯವೆಂದರೆ ಒಬ್ಬ ಲೇಖಕನ ವೈವಿಧ್ಯ. ಮಾಸ್ತಿಯವರ ಸಣ್ಣಕತೆ, ಕಾದಂಬರಿ, ನಾಟಕ, ಆತ್ಮಕಥೆ, ಪ್ರಬಂಧ ಸೇರಿದರೆ ಒಂದು ಸಣ್ಣ ಪ್ರಕಾಶನದ ಸೂಚಿಯಾಗುತ್ತದೆ. ಕಾರಂತರಂತೂ ಕಾದಂಬರಿಯಿಂದ ಯಕ್ಷಗಾನದವರೆಗೆ, ‘ಬಾಲಪ್ರಪಂಚ’ದಿಂದ ‘ವಿಜ್ಞಾನ ಪ್ರಪಂಚ’ದವರೆಗೆ ಹರಡಿಕೊಂಡವರು. ಲೇಖಕರು ಈ ದಾರಿ ಹಿಡಿದದ್ದಕ್ಕೆ ಸ್ವಾತಂತ್ರ್ಯ ಒಂದು ಕಾರಣ, ಗೌರವಧನದ ಅನಿಶ್ಚಿತತೆ ಇನ್ನೊಂದು. ಕೇರಳದ ಲೇಖಕರು ಇದೇ ಸಂಕಟಕ್ಕೆ ಬೇರೆ ಪರಿಹಾರ ಹುಡುಕಿದರು. 1945ರಲ್ಲಿ ಕೋಟ್ಟಯಂನಲ್ಲಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿ, ಒಬ್ಬೊಬ್ಬರೇ ಹೊರುವ ಭಾರವನ್ನು ಹಂಚಿಕೊಂಡರು. ಕನ್ನಡದಲ್ಲಿ ಸಹಕಾರಿ ಪ್ರಯತ್ನಗಳು ನಡೆದರೂ ಲೇಖಕರ ಸಂಘ ಆ ಮಟ್ಟಕ್ಕೆ ಬೆಳೆಯಲಿಲ್ಲ. ಬೆಸ್ಟ್ ಸೆಲ್ಲರ್ ಲೇಖಕರೇ ತಮ್ಮ ಪುಸ್ತಕ ತಮ್ಮಲ್ಲಿಟ್ಟುಕೊಂಡಾಗ, ಅವುಗಳ ಲಾಭದಲ್ಲಿ ಹೊಸಬರನ್ನು ಬೆಳೆಸಬಹುದಾಗಿದ್ದ ಪ್ರಕಾಶಕನ ಕೈ ಬರಿದಾಯಿತು ಎಂಬ ವಾದವನ್ನೂ ಇಲ್ಲಿ ಎಣಿಸಬೇಕು.

ಐದನೆಯ ವಾದ: ಸರ್ಕಾರ ಕೊಳ್ಳುವ ಪ್ರತಿಗಳು

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿತು, ಸಗಟು ಖರೀದಿ ಕ್ರಮವಾಗಿ ನೆಲೆಯೂರಿತು. ಆಯ್ಕೆಯಾದ ಪುಸ್ತಕಕ್ಕೆ ಸಾಮಾನ್ಯವಾಗಿ 300 ಪ್ರತಿ, ಬೆಲೆ ಪುಟದ ಲೆಕ್ಕದಲ್ಲಿ. 1000 ಪ್ರತಿ ಅಚ್ಚು ಹಾಕಿಸುವ ಪ್ರಕಾಶಕನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಒಂದೇ ಕಂತಿನಲ್ಲಿ ಹೋದರೆ ಉಸಿರಾಡುವಷ್ಟು ಅವಕಾಶ ಸಿಗುತ್ತದೆ. 500 ಪ್ರತಿ ಮಾತ್ರ ಹಾಕಿಸಿದವನಿಗಂತೂ ಗ್ರಂಥಾಲಯವೇ ಮುಖ್ಯ ಗಿರಾಕಿ.

ಈ ವಾದದ ಪ್ರಕಾರ ಇಂದಿನ ಪಟ್ಟಿಗಳ ವೈವಿಧ್ಯವನ್ನು ರೂಪಿಸಿದ್ದು ಓದುಗನೂ ಅಲ್ಲ, ಸಂಪಾದಕನೂ ಅಲ್ಲ, ಆಯ್ಕೆ ಸಮಿತಿ. ಎಲ್ಲ ಪ್ರಕಾರದಿಂದಲೂ ಒಂದಿಷ್ಟು ಕಳಿಸಿದರೆ ಯಾವುದಾದರೂ ಆಯ್ಕೆಯಾದೀತು ಎಂಬ ಲೆಕ್ಕ ಇದರ ಹಿಂದಿದೆ. ಪುಟದ ದರವಿದ್ದಲ್ಲಿ ದಪ್ಪ ಪುಸ್ತಕಕ್ಕೆ ಒಲವು ಸಹಜ. ಇದರ ವಿರುದ್ಧವೂ ಬಲವಾದ ಮಾತಿದೆ: ಸಗಟು ಖರೀದಿ ಇಲ್ಲದಿದ್ದರೆ ಸಂಶೋಧನೆ, ಜಾನಪದ, ಹೊಸ ಕವಿಗಳ ಸಂಕಲನ ಅಚ್ಚು ಕಾಣುವುದೇ ಕಷ್ಟವಾಗುತ್ತಿತ್ತು. ಖರೀದಿ ತಡವಾದ ವರ್ಷಗಳಲ್ಲಿ ಮೊದಲು ಕೈಬಿಟ್ಟುಹೋಗುವವು ಇಂಥ ಪುಸ್ತಕಗಳೇ ಎಂಬುದು ಪ್ರಕಾಶಕರೆಲ್ಲ ಆಡುವ ಮಾತು.

ನಾಟಕದ ಕಪಾಟು ಹೇಳುವುದೇನು

ಈ ಐದು ವಾದಗಳಲ್ಲಿ ಯಾವುದಕ್ಕೆ ಎಷ್ಟು ಬಲವಿದೆ ಎಂದು ಪರೀಕ್ಷಿಸಲು ನಾಟಕದ ಪುಸ್ತಕದಷ್ಟು ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ. ನಾಟಕ ಹೆಚ್ಚಾಗಿ ಐದಾರು ಫಾರಂನ ತೆಳುವಾದ ಪುಸ್ತಕ. ಬೆನ್ನು ಎಷ್ಟು ಸಣ್ಣದೆಂದರೆ ಹೆಸರು ಅಚ್ಚು ಹಾಕಲು ಜಾಗವಿರುವುದಿಲ್ಲ, ಕಪಾಟಿನಲ್ಲಿ ನಿಲ್ಲಿಸಿದರೆ ಎರಡು ಕಾದಂಬರಿಗಳ ನಡುವೆ ಕಾಣೆಯಾಗುತ್ತದೆ. ಪುಟದ ದರದಲ್ಲಿ ಕಡಿಮೆ ದುಡ್ಡು ತರುತ್ತದೆ. ಇದನ್ನು ಕೊಳ್ಳುವವರು ಬಹುಪಾಲು ಆಡುವವರು. ತಂಡವೊಂದು ಒಂದು ಪ್ರತಿ ಕೊಂಡು ಉಳಿದವರಿಗೆ ಜೆರಾಕ್ಸ್ ಹಂಚಿದರೆ ಮುಗಿಯಿತು. ಪ್ರಯೋಗಕ್ಕೆ ಅನುಮತಿ ಪಡೆಯಬೇಕೆಂದು ಒಳಪುಟದಲ್ಲಿ ಅಚ್ಚಾಗಿರುತ್ತದೆ, ಆದರೆ ಆ ಗೌರವಧನ ಬಂದರೂ ಹೋಗುವುದು ನಾಟಕಕಾರನಿಗೆ.

ಹಾಗಿದ್ದೂ ನಾಟಕ ಅಚ್ಚಾಗುತ್ತಲೇ ಬಂದಿದೆ. ಕಂಪನಿಗಳ ಕಾಲದಲ್ಲಿ ಗುಬ್ಬಿ ವೀರಣ್ಣನವರಂಥವರ ನಾಟಕ ನೋಡಿ ಹೊರಬಂದವರು ಹಾಡಿನ ಪುಸ್ತಕ ಕೊಳ್ಳುತ್ತಿದ್ದರು. ಅದು ಪೇಟೆಯ ವಾದ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ (ಎಡಿಎ) ಹುಟ್ಟಿ ಹವ್ಯಾಸಿ ರಂಗ ಬೆಳೆದ ಮೇಲೆ ಕೈಲಾಸಂ, ಕ್ಷೀರಸಾಗರ, ಪರ್ವತವಾಣಿಯವರ ನಾಟಕಗಳಿಗೆ ಶಾಲೆ, ಕಚೇರಿ, ಕ್ಲಬ್ಬುಗಳ ವಾರ್ಷಿಕೋತ್ಸವಗಳಲ್ಲಿ ಬೇಡಿಕೆ ಕುದುರಿತು. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಆಡಿಸಿದ ನಂತರ ನಾಟಕಕ್ಕೆ ಹೊಸ ತಲೆಮಾರಿನ ಓದುಗರು ಸಿಕ್ಕರು. ಹೀಗೆ ನಾಟಕದ ಪುಸ್ತಕ ಬದುಕಿದ್ದು ಓದುಗರಿಗಿಂತ ರಂಗವನ್ನು ನೆಚ್ಚಿ, ಅದೂ ರಂಗದ ಜೊತೆ ನಂಟಿದ್ದ ಪ್ರಕಾಶಕರ ಕೈಯಲ್ಲಿ. ಜಿ.ಬಿ. ಜೋಶಿ ಸ್ವತಃ ನಾಟಕಕಾರರು, ಸುಬ್ಬಣ್ಣ ರಂಗ ಕಟ್ಟಿದವರು. ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದ ಪ್ರಕಟಣೆಗಳನ್ನು ನಡೆಸಿದ ಚಿ. ಶ್ರೀನಿವಾಸರಾಜು ಅವರೂ ನಾಟಕಕಾರರೇ.

ಹಾಗಾಗಿ ಒಂದು ಪಟ್ಟಿಯಲ್ಲಿ ನಾಟಕಗಳು ಎಷ್ಟಿವೆ, ಯಾವ ಕಾಲದವು ಎಂದು ನೋಡಿದರೆ ಆ ಸಂಸ್ಥೆಯ ಹಿಂದಿರುವ ಲೆಕ್ಕಾಚಾರ ಬಹುಮಟ್ಟಿಗೆ ತಿಳಿಯುತ್ತದೆ. ನಾಟಕಗಳೆಲ್ಲ ಪಠ್ಯವಾದವುಗಳೇ ಆಗಿದ್ದರೆ ಅಲ್ಲಿ ವ್ಯಾಪಾರ ಮುಂದಿದೆ. ಯಾರೂ ಕೇಳದ ಹೊಸ ನಾಟಕಗಳೂ ಇದ್ದರೆ ಅಲ್ಲೊಂದು ಅಭಿರುಚಿ ನಷ್ಟವನ್ನು ಒಪ್ಪಿಕೊಂಡಿದೆ.

ಹೊಸ ಕಾಲದ ಪಟ್ಟಿಗಳು

1990ರ ದಶಕದಿಂದೀಚೆಗೆ ನಕ್ಷೆ ಮತ್ತೆ ಬದಲಾಗಿದೆ. ಗಾಂಧಿಬಜಾರಿನ ಅಂಕಿತ ಪುಸ್ತಕ ಅಂಗಡಿ ಮತ್ತು ಪ್ರಕಾಶನ ಎರಡನ್ನೂ ಒಂದೇ ಸೂರಿನಡಿ ನಡೆಸುತ್ತ ಪೇಟೆಯ ಹಳೆಯ ಮಾದರಿಗೆ ಬಡಾವಣೆಯ ರೂಪ ಕೊಟ್ಟಿತು. ಗಾಂಧಿನಗರದಲ್ಲಿ 1967ರಲ್ಲಿ ಆರಂಭವಾದ ಸಪ್ನ ಬುಕ್ ಹೌಸ್ ದೊಡ್ಡ ಮಳಿಗೆಯ ಬಲದಿಂದ ದೊಡ್ಡ ಪಟ್ಟಿ ಕಟ್ಟಿತು. ವಸುಧೇಂದ್ರರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನವಿಟ್ಟು, ಲೇಖಕ-ಪ್ರಕಾಶಕನ ಮಾದರಿಯನ್ನು ಇತರರಿಗಾಗಿ ತೆರೆಯಿತು.

ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯನ್ನೂ ಹಾಕಿಸಬಹುದು. ಹತ್ತು ರೀಮು ಕಾಗದದ ಹೊರೆ ತಪ್ಪಿದ್ದರಿಂದ ಓಡುವ ಪುಸ್ತಕ ಓಡದ್ದನ್ನು ಸಾಕಬೇಕೆಂಬ ಕಟ್ಟುಪಾಡು ಸಡಿಲವಾಗಿದೆ. ಇ-ಪುಸ್ತಕ, ಆಡಿಯೊ ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ವೇದಿಕೆಗಳಿವೆ. ಅಲ್ಲಿ ತೆಳುಬೆನ್ನಿನ ನಾಟಕಕ್ಕೂ ದಪ್ಪ ಕಾದಂಬರಿಯಷ್ಟೇ ಜಾಗ. ಇನ್ನೊಂದೆಡೆ ಹಕ್ಕುಸ್ವಾಮ್ಯದ ಅವಧಿ ಲೇಖಕರ ಮರಣಾನಂತರ 60 ವರ್ಷ ಇರುವುದರಿಂದ 1946ರಲ್ಲಿ ತೀರಿಕೊಂಡ ಕೈಲಾಸಂ, ಬಿ.ಎಂ.ಶ್ರೀ ಅವರ ಕೃತಿಗಳು 2007ರಿಂದ ಎಲ್ಲರ ಸೊತ್ತು. ಯಾರು ಬೇಕಾದರೂ ಅವನ್ನು ಸೇರಿಸಿ ತಮ್ಮ ಪಟ್ಟಿಯನ್ನು ತುಂಬಿಸಿಕೊಳ್ಳಬಹುದು.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು

ಮೊದಲನೆಯದು, ಓದುಗ ಪ್ರಕಾಶಕನ ಹೆಸರು ನೋಡಿ ಕೊಳ್ಳುತ್ತಾನೆಯೇ? ಚಂದಾದಾರರ ಕಾಲದಲ್ಲಿ ಉತ್ತರ ಹೌದು ಎಂದಾಗಿತ್ತು. ಇಂದು ಲೇಖಕನ ಫೇಸ್‌ಬುಕ್ ಪುಟವೇ ಪುಸ್ತಕ ಮಾರುವಾಗ ಪಟ್ಟಿಗೆ ಒಟ್ಟು ವ್ಯಕ್ತಿತ್ವ ಬೇಕೇ ಎಂಬುದು ಮತ್ತೆ ಚರ್ಚೆಗೆ ಬಂದಿದೆ.

ಎರಡನೆಯದು, ಸಗಟು ಖರೀದಿ ವೈವಿಧ್ಯವನ್ನು ಕಾಪಾಡಿತೋ, ಸಪ್ಪೆ ಮಾಡಿತೋ? ಎರಡಕ್ಕೂ ಉದಾಹರಣೆಗಳಿವೆ. ಪುಟದ ದರವನ್ನು ಕೈಬಿಟ್ಟು ಪ್ರಕಾರವಾರು ದರ ಗೊತ್ತುಮಾಡಿದರೆ ನಾಟಕ, ಕವಿತೆಗೆ ನ್ಯಾಯ ಸಿಕ್ಕೀತೇ ಎಂಬುದನ್ನು ಪ್ರಯೋಗ ಮಾಡಿಯೇ ನೋಡಬೇಕು.

ಮೂರನೆಯದು, ಹಳೆಯ ಪುಸ್ತಕಗಳನ್ನು ಅಚ್ಚಿನಲ್ಲಿಡುವ ಹೊಣೆ ಯಾರದು? ಲೇಖಕರು ತಾವೇ ನಡೆಸಿದ ಪ್ರಕಾಶನಗಳ ಭವಿಷ್ಯ ಅವರ ನಂತರ ಕುಟುಂಬದವರ ಆಸಕ್ತಿಯನ್ನು ಅವಲಂಬಿಸುತ್ತದೆ. ಪೇಟೆಯ ಎಷ್ಟೋ ಸಂಸ್ಥೆಗಳ ಪಟ್ಟಿ ಅಂಗಡಿ ಮುಚ್ಚಿದಂದೇ ಚದುರಿಹೋಗುತ್ತದೆ.

ಕೊನೆಯದು ಎಲ್ಲಕ್ಕಿಂತ ಬಿಗಿಯಾದದ್ದು. ಕನ್ನಡದ ಪಟ್ಟಿಗಳು ಉದ್ದವಾದದ್ದಕ್ಕೆ ಒಂದು ಕಾರಣ ಒಂದೊಂದು ಪ್ರಕಾರಕ್ಕೂ ಓದುಗರು ಕಡಿಮೆ ಇದ್ದುದು. ನೂರು ಪ್ರತಿಯೂ ಲಾಭದಾಯಕವಾಗುವ ಕಾಲದಲ್ಲಿ ನಾಟಕಕ್ಕೇ, ವಿಜ್ಞಾನಕ್ಕೇ ಮೀಸಲಾದ ಸಣ್ಣ ಪ್ರಕಾಶನಗಳು ಹುಟ್ಟಬಹುದು. ಆಗ ಕಾದಂಬರಿ ಕೊಳ್ಳಲು ಬಂದವನ ಕೈಗೆ ಅದೇ ಮನೆಯ ನಾಟಕವನ್ನೂ ವಿಮರ್ಶೆಯನ್ನೂ ದಾಟಿಸುತ್ತಿದ್ದ ಹಳೆಯ ಪಟ್ಟಿಯ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಪ್ರಕಾಶಕರಲ್ಲೇ ಒಮ್ಮತವಿಲ್ಲ.